ನಾಯಿ ಮೇಷ್ಟ್ರ ಮನೆಯ ಬೆಕ್ಕು

ಊರವರೆಲ್ಲ ಅವರನ್ನು ನಾಯಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಆಡುವ ಮಾತಲ್ಲ, ಎದುರಿಗೇ. ಅವರಿಗೂ ಅದರಲ್ಲಿ ಬೇಸರವಿರಲಿಲ್ಲ, ಒಂದಿಷ್ಟು ಹೆಮ್ಮೆಯೇ ಇತ್ತು. ಮರದ ಡಿಪೋದ ಹಿಂದೆ ತಂತಿಬೇಲಿ ಹಾಕಿದ ಮೈದಾನವೇ ಅವರ ಶಾಲೆ. ಅಲ್ಲಿ ಹಾರಲು ಹಲಗೆಗಳು, ನುಸುಳಲು ಹಳೆಯ ಲಾರಿ ಟಯರುಗಳು, ಕಚ್ಚಿ ಅಭ್ಯಾಸ ಮಾಡಲು ಗೋಣಿಯ ದಪ್ಪ ಕೈಗವಸು, ಕುಡಿಯಲು ಸಿಮೆಂಟಿನ ತೊಟ್ಟಿಯಲ್ಲಿ ನೀರು. ಸೋಫಾ ಹರಿದ ನಾಯಿ, ನೆಂಟರ ಕಾಲಿಗೆ ಬಾಯಿ ಹಾಕಿದ ನಾಯಿ, ಬೀದಿಗಿಳಿದರೆ ಯಜಮಾನನನ್ನೇ ದರದರ ಎಳೆದುಕೊಂಡು ಹೋಗುವ ನಾಯಿ, ಎಲ್ಲವೂ ಇಲ್ಲಿಗೆ ಬಂದು ದಾರಿಗೆ ಬರುತ್ತಿದ್ದವು. ಹೊಸ ನಾಯಿ ಗೇಟಿನೊಳಗೆ ಕಾಲಿಡುತ್ತಿದ್ದ ಹಾಗೆ ಮೇಷ್ಟ್ರು ಅದರ ಕಿವಿ, ಬಾಲ, ಬೆನ್ನ ಮೇಲಿನ ಕೂದಲು ನೋಡಿ, ಅದು ಹೆದರಿದೆಯೋ, ಕೊಬ್ಬಿದೆಯೋ, ಬರೀ ಮುದ್ದಿನಿಂದ ಕೆಟ್ಟಿದೆಯೋ ಹೇಳಿಬಿಡುತ್ತಿದ್ದರು. ಆ ಮಾತು ತಪ್ಪುತ್ತಿದ್ದದ್ದು ಕಡಿಮೆ. ತಪ್ಪಿದಾಗ ಕಚ್ಚಿಸಿಕೊಂಡ ಗುರುತು ಮೊಣಕೈಯ ಹತ್ತಿರ ಇತ್ತು. ಅದನ್ನೂ ಅವರು ತೋಳು ಮಡಚಿ ಬಂದವರಿಗೆಲ್ಲ ತೋರಿಸುತ್ತಿದ್ದರು.

ಮನೆಯಲ್ಲೂ ಅವರದು ಮೈದಾನದ ದನಿಯೇ. ಹೆಂಡತಿ ಇದ್ದಾಗ ಆಕೆ ಒಮ್ಮೊಮ್ಮೆ, ಇದು ಮನೆ, ನಾನು ಮನುಷ್ಯಳು ಎಂದು ನೆನಪಿಸುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ನೆನಪಿಸುವವರು ಇಲ್ಲದಾದರು. ಮಗ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಕತ್ತಲ ಬಾವಿಯಂಥ ಜಾಗದಲ್ಲಿ ಹಗ್ಗ, ಚಕ್ರ, ಗ್ರೀಸುಗಳ ಜೊತೆ ಇದ್ದು ಬಂದು, ಮನೆಯಲ್ಲಿ ಹೂಂ ಎನ್ನುವುದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ಅಪ್ಪ ಹೇಳಿದ್ದಕ್ಕೆ ಎದುರಾಡಿದ್ದು ಅವನ ಜಾತಕದಲ್ಲೇ ಇಲ್ಲ.

ಅಂಥ ಮನೆಗೆ ಸೊಸೆ ಬಂದಳು. ಬರುವಾಗ ಎರಡು ಪೆಟ್ಟಿಗೆ ಬಟ್ಟೆಯ ಜೊತೆಗೆ ಮುಚ್ಚಳದ ಬುಟ್ಟಿಯಲ್ಲಿ ಒಂದು ಬೆಕ್ಕನ್ನೂ ತಂದಳು. ಬೂದು ಬಣ್ಣದ್ದು, ಅದಕ್ಕೇ ಬೂದಿ ಎಂದು ಹೆಸರು. ತಾಯಿ ಬಿಟ್ಟುಹೋದ ಮರಿಯನ್ನು ಅವಳು ಬತ್ತಿಯನ್ನು ಹಾಲಿನಲ್ಲಿ ಅದ್ದಿ ಕುಡಿಸಿ ಬದುಕಿಸಿಕೊಂಡಿದ್ದಳು. ಮದುವೆಯ ಮಾತುಕತೆಯಲ್ಲಿ ಅವಳ ಕಡೆಯವರು ಕೇಳಿದ್ದು ಅದೊಂದೇ: ಬೆಕ್ಕು ಜೊತೆಗೆ ಬರಬಹುದಾ? ಮೇಷ್ಟ್ರು ದೊಡ್ಡ ಮನಸ್ಸು ಮಾಡಿ, ಬರಲಿ ಬಿಡಿ, ಪ್ರಾಣಿ ಸಾಕೋದು ನಮಗೇನು ಹೊಸದಾ ಎಂದಿದ್ದರು. ಆ ಮಾತಿಗೇ ಸೊಸೆ ಅವರನ್ನು ಮೆಚ್ಚಿಕೊಂಡು ಬಿಟ್ಟಿದ್ದಳು, ಪಾಪ.

ಸೊಸೆಗೆ ಔಷಧದಂಗಡಿಯಲ್ಲಿ ಕೆಲಸ. ಸಂಜೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಬೂದಿ ಬಾಲವನ್ನು ನೆಟ್ಟಗೆ ನಿಲ್ಲಿಸಿಕೊಂಡು, ತುದಿಯನ್ನು ಮಾತ್ರ ಒಂಚೂರು ಬಾಗಿಸಿ, ಓಡಿ ಬಂದು ಅವಳ ಕಾಲಿಗೆ ಮೈ ತಿಕ್ಕುತ್ತಿತ್ತು. ಅವಳು ಅದರ ಜೊತೆ ಮಾತಾಡುತ್ತಲೇ ಅಡುಗೆ ಮನೆಗೆ ಹೋಗುತ್ತಿದ್ದಳು. ಊಟದ ಹೊತ್ತಿಗೆ ಅಂಗಡಿಯ ಸುದ್ದಿ ಹೇಳುತ್ತಿದ್ದಳು. ಕೆಮ್ಮಿನ ಔಷಧ ಸಿಹಿಯಾಗಿದೆಯೆಂದು ಬಾಟಲಿಯನ್ನೇ ಎತ್ತಿ ಕುಡಿದ ಅಜ್ಜ, ಗಂಡನ ಗೊರಕೆಗೆ ಮಾತ್ರೆ ಕೇಳಿಕೊಂಡು ಬಂದು, ಅದನ್ನು ಅವರಿಗೆ ಗೊತ್ತಾಗದ ಹಾಗೆ ಕೊಡಬಹುದಾ ಎಂದ ಹೆಂಗಸು. ಮಗ ಊಟ ಬಿಟ್ಟು ನಗುತ್ತಿದ್ದ. ಮೇಷ್ಟ್ರೂ ಮೀಸೆಯೊಳಗೆ ನಗುತ್ತಿದ್ದರು.

ಬೆಕ್ಕಿನ ವಿಷಯಕ್ಕೆ ಬಂದರೆ ಮಾತ್ರ ಮೇಷ್ಟ್ರಿಗೆ ಅದು ಶಿಸ್ತು ಕಲಿಯದ ಸಣ್ಣ ನಾಯಿ. ಕೂರು ಎನ್ನುತ್ತಿದ್ದರು. ಬೂದಿ ಅವರನ್ನೊಮ್ಮೆ ನೋಡಿ, ಇಷ್ಟು ಹೊತ್ತು ಕೂತಿದ್ದದ್ದೂ ಎದ್ದು ಹೋಗುತ್ತಿತ್ತು. ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಿದರೆ ಪ್ರಾಣಿ ಮಾತು ಕೇಳುತ್ತದೆ ಎಂಬುದು ಅವರ ಶಾಲೆಯ ಮೊದಲ ಪಾಠ. ದಿಟ್ಟಿಸಿದರು. ಅದು ಮಂಚದ ಕೆಳಗೆ ಸೇರಿಕೊಂಡಿತು. ಒಮ್ಮೆ ಬಿಸಿಲಲ್ಲಿ ಅಂಗಾತ ಉರುಳಿಕೊಂಡು ಹೊಟ್ಟೆ ಮೇಲೆ ಮಾಡಿ ಮಲಗಿದ್ದಾಗ, ಶರಣಾಗಿದೆ ಎಂದುಕೊಂಡು ಹೊಟ್ಟೆ ಸವರಲು ಹೋಗಿ ಮುಂಗೈ ಪರಚಿಸಿಕೊಂಡರು.

ಸೊಸೆ ಓಡಿ ಬಂದು, "ಹೊಟ್ಟೆ ಮುಟ್ಟಬೇಡಿ ಮಾವ. ನಿಮ್ಮನ್ನ ನಂಬಿದೀನಿ ಅಂತ ತೋರಿಸತ್ತೆ ಅಷ್ಟೆ, ಮುಟ್ಟಿ ಅಂತಲ್ಲ" ಎಂದಳು.

"ನೋಡಮ್ಮ, ನನಗೇ ಪ್ರಾಣಿಗಳ ಪಾಠ ಹೇಳ್ತೀಯಾ?" ಎಂದು ಮೇಷ್ಟ್ರು ಗಹಗಹಿಸಿ ನಕ್ಕರು. ಅವಳೂ ನಕ್ಕು ಸುಮ್ಮನಾದಳು. ಆವತ್ತು ಒಂದು ನಿಮಿಷ ಬಾಯಿ ಮುಚ್ಚಿ ಅವಳ ಮಾತಿಗೆ ಕಿವಿಗೊಟ್ಟಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಆದರೆ ಮೇಷ್ಟ್ರಾದವರಿಗೆ ಪಾಠ ಹೇಳಿ ರೂಢಿ, ಕೇಳಿ ರೂಢಿಯಿಲ್ಲ.

ಒಂದು ರಜೆಯ ದಿನ ಮೇಷ್ಟ್ರ ಮಗಳು ತನ್ನ ಪುಟ್ಟ ಹುಡುಗಿಯನ್ನು ಕರೆದುಕೊಂಡು ಬಂದಳು. ಹುಡುಗಿ ಬೆಳಗಿನಿಂದ ಬೂದಿಯ ಬೆನ್ನು ಬಿದ್ದಿದ್ದಳು. ಕುರ್ಚಿಯ ಕೆಳಗೆ ಹೋದರೆ ಅಲ್ಲಿ, ಬೀರುವಿನ ಹಿಂದೆ ಹೋದರೆ ಅಲ್ಲಿ. ಮಧ್ಯಾಹ್ನದ ಹೊತ್ತಿಗೆ ಬೂದಿ ಎಲ್ಲ ಕಡೆಯಿಂದಲೂ ಓಡಿ ಸಾಕಾಗಿ, ಕಿಟಕಿಯ ಕಟ್ಟೆಯ ಮೂಲೆಗೆ ಹತ್ತಿ ಕೂತಿತು. ಬಾಲ ಅತ್ತಿಂದಿತ್ತ ಬಡಿಯುತ್ತಿತ್ತು. ಬೆನ್ನ ಮೇಲಿನ ಚರ್ಮ ತಂತಾನೇ ಅದುರುತ್ತಿತ್ತು.

ಪಾತ್ರೆ ತೊಳೆಯುತ್ತಿದ್ದ ಸೊಸೆ ಇಣುಕಿ ನೋಡಿ, "ಈಗ ಬೇಡ ಪುಟ್ಟಿ, ಅದಕ್ಕೆ ಸಾಕಾಗಿದೆ, ಸ್ವಲ್ಪ ಹೊತ್ತು ಬಿಟ್ಟುಬಿಡು" ಎಂದಳು. ಹುಡುಗಿಯ ಮುಖ ಸಣ್ಣಗಾಯಿತು. ಮೊಮ್ಮಗಳ ಮುಖ ಸಣ್ಣಗಾದರೆ ಮೇಷ್ಟ್ರಿಗೆ ತಡೆಯುವುದಿಲ್ಲ.

"ಏನೂ ಆಗಲ್ಲ ಬಾರೇ. ಬಾಲ ನೋಡು ಹೇಗೆ ಆಡಿಸ್ತಿದೆ! ನಿನ್ನನ್ನ ಕಂಡ್ರೆ ಖುಷಿ ಅದಕ್ಕೆ" ಎಂದು ಹುಡುಗಿಯನ್ನು ತಾವೇ ಎತ್ತಿಕೊಂಡು, ಅವಳ ಮುಖವನ್ನು ಬೆಕ್ಕಿನ ಮುಖದ ನೇರಕ್ಕೆ ಹಿಡಿದರು.

ಪಂಜ ಬೀಸಿದ್ದು ಯಾರಿಗೂ ಕಾಣಲಿಲ್ಲ. ಹುಡುಗಿ ಕಿಟಾರನೆ ಕಿರುಚಿದಾಗ ಕಣ್ಣಿನ ಕೆಳಗೆ ಗೆರೆ ಎದ್ದು ರಕ್ತ ಜಿನುಗುತ್ತಿತ್ತು. ಮಗಳು ಆಕಾಶ ಭೂಮಿ ಒಂದು ಮಾಡಿದಳು. ಇನ್ನೊಂದು ಕೂದಲೆಳೆ ಮೇಲೆ ಬಿದ್ದಿದ್ದರೆ ಮಗುವಿನ ಕಣ್ಣೇ ಹೋಗುತ್ತಿತ್ತು, ಇಂಥ ಮನೆಗೆ ಮಗು ಕರೆದುಕೊಂಡು ಹೇಗೆ ಬರುವುದು ಎಂದಳು. ಅವಳ ಭಯವೂ ಸುಳ್ಳಲ್ಲ. ಸೊಸೆ ಹುಡುಗಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಸೋಪಿನ ನೀರಿನಲ್ಲಿ ಗಾಯ ತೊಳೆದು, ಔಷಧ ಹಚ್ಚಿ, ಡಾಕ್ಟರ ಹತ್ತಿರವೂ ಒಮ್ಮೆ ತೋರಿಸಿಬಿಡಿ ಎಂದಳು. ಆಮೇಲೆ ತಲೆ ಎತ್ತದೆಯೇ, ಮೆಲ್ಲಗೆ, "ಅದು ಮೊದಲೇ ಹೇಳಿತ್ತು ಮಾವ" ಎಂದಳು.

ಮೇಷ್ಟ್ರಿಗೆ ಕೇಳಿಸಿತು. ಕೇಳಿಸದವರ ಹಾಗೆ ನಿಂತರು. ಬಾಲ ಆಡಿಸಿ ನಂಬಿಸಿ ಪರಚಿದ ಪ್ರಾಣಿಯನ್ನು ಅವರು ತಮ್ಮ ಕಸುಬಿನಲ್ಲಿ ಕಂಡಿರಲಿಲ್ಲ. ಇದು ಕಪಟಿ ಬೆಕ್ಕು, ಮನೆಯಲ್ಲಿ ಇರಕೂಡದು ಎಂದು ತೀರ್ಪು ಕೊಟ್ಟರು. ಮಗ ಹೆಂಡತಿಯ ಮುಖ ನೋಡಿದ, ಅಪ್ಪನ ಮುಖ ನೋಡಿದ, ಕೊನೆಗೆ ನೆಲ ನೋಡಿದ.

ಮರುದಿನ ಬೆಳಗ್ಗೆ ಸೊಸೆಯೇ ಬುಟ್ಟಿಯೊಳಗೆ ತನ್ನ ಹಳೆಯ ಟವೆಲು ಹಾಸಿ, ಬೂದಿಯನ್ನು ಕೂರಿಸಿ, ಮುಚ್ಚಳದ ಹಗ್ಗ ಕಟ್ಟಿದಳು. ಎಲ್ಲಿಗೆ ಎಂದು ಕೇಳಿದಳು. ಮೇಷ್ಟ್ರು ಹೇಳಲಿಲ್ಲ. ನಾಯಿಯನ್ನು ಹೊಸ ಮನೆಗೆ ಕೊಟ್ಟಾಗ ಹಳೆಯ ಯಜಮಾನ ಆ ಕಡೆ ತಲೆ ಹಾಕಬಾರದು, ಹಾಕಿದರೆ ನಾಯಿ ಅಲ್ಲಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ಒದ್ದಾಡುತ್ತದೆ. ಇದು ಅವರ ಕಸುಬಿನ ಕಟ್ಟುನಿಟ್ಟಾದ ನಿಯಮ. ಎಷ್ಟೋ ಜನಕ್ಕೆ ಹೇಳಿದ್ದ ಮಾತನ್ನೇ ಸೊಸೆಗೂ ಹೇಳಿದರು: "ಎಲ್ಲಿದೆ ಅಂತ ಗೊತ್ತಿಲ್ಲದಿದ್ರೇನೇ ಒಳ್ಳೇದಮ್ಮ, ನಿನಗೂ, ಅದಕ್ಕೂ." ಅವಳು ಸರಿ ಎಂದು ಬಾಗಿಲ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಪೇಟೆಯ ಆಚೆ ಕಡೆಗಿದ್ದ ಕಾಗದದ ಗೋದಾಮಿನ ಕಾವಲುಗಾರ ಮೇಷ್ಟ್ರ ಹಳೆಯ ಪರಿಚಯದವನು. ಅಲ್ಲಿ ಇಲಿಗಳು ರೀಮುಗಟ್ಟಲೆ ಕಾಗದ ತಿಂದು ಹಾಕುತ್ತಿದ್ದವು. ಬೆಕ್ಕು ಬಂದದ್ದು ಅವನಿಗೆ ಹಬ್ಬವಾಯಿತು. ಮೇಷ್ಟ್ರು ಮನೆಗೆ ಬಂದು ಮಗನಿಗೆ, ನೋಡಿದೆಯಾ ನಿನ್ನ ಹೆಂಡತಿ ಎಷ್ಟು ಬೇಗ ಅರ್ಥ ಮಾಡಿಕೊಂಡಳು, ಒಂದು ಮಾತು ಆಡಿದಳಾ ಎಂದರು. ಮೈದಾನದಲ್ಲಿ ನಾಯಿ ಬೊಗಳುವುದನ್ನು ಬಿಟ್ಟು ಸುಮ್ಮನೆ ಮಲಗಿತೆಂದರೆ ಒಪ್ಪಿಕೊಂಡಿತೆಂದು ಲೆಕ್ಕ. ಇಂಥ ಹೊತ್ತಿನಲ್ಲಿ ಈ ಮನುಷ್ಯನಿಗೆ ಎರಡು ಬಿಡೋಣ ಎನಿಸುತ್ತದೆ.

ಸೊಸೆ ಅಂಗಡಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಬಡಿಸುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಊಟದ ಹೊತ್ತಿನ ಸುದ್ದಿಗಳು ಮಾತ್ರ ನಿಂತುಹೋದವು. ಮಗ ಒಂದೆರಡು ಸಲ, ಇವತ್ತು ಅಂಗಡಿಯಲ್ಲಿ ಏನಾಯಿತು ಎಂದು ಕೆದಕಿ ನೋಡಿದ. ಏನಿಲ್ಲ ಎಂದಳು. ಮನೆ ಈಗ ಎಷ್ಟು ಶಾಂತವಾಗಿದೆ ಎಂದು ಮೇಷ್ಟ್ರಿಗೆ ಸಮಾಧಾನವಾಯಿತು.

ಅವರ ಕಣ್ಣು ತೆರೆಸಿದ್ದು ಕೊನೆಗೂ ಒಂದು ನಾಯಿಯೇ. ಕನ್ನಡಕದಂಗಡಿಯವರು ತಮ್ಮ ಡಾಬರ್‌ಮನ್ ವಿಪರೀತ ಎಳೆದಾಡುತ್ತದೆ ಎಂದು ಮೇಷ್ಟ್ರನ್ನು ಮನೆಗೇ ಕರೆಸಿಕೊಂಡಿದ್ದರು. ಕಪ್ಪಗೆ ಮಿರಮಿರ ಮಿಂಚುವ, ಸೊಂಟದೆತ್ತರದ ನಾಯಿ. ಅಂಗಳದಲ್ಲಿ ಅದನ್ನು ಪಕ್ಕದಲ್ಲಿ ನಡೆಸಿಕೊಂಡು ಹೋಗುತ್ತಿದ್ದಾಗ ಮೆಟ್ಟಿಲ ಮೇಲೆ ಆ ಮನೆಯ ಹಳದಿ ಬೆಕ್ಕು ಕೂತಿತ್ತು. ನಾಯಿ ತಟ್ಟನೆ ನಿಂತಿತು. ಮೇಷ್ಟ್ರು ನಡಿ ಎಂದರು, ನಡೆಯಲಿಲ್ಲ. ಬೆಲ್ಟು ಜಗ್ಗಿದರು. ಅದು ಬೆಕ್ಕಿನಿಂದ ಮುಖ ಪಕ್ಕಕ್ಕೆ ತಿರುಗಿಸಿ, ಒಮ್ಮೆ ಆಕಳಿಸಿ, ಇದ್ದಲ್ಲೇ ಮೆಲ್ಲಗೆ ಮಲಗಿಬಿಟ್ಟಿತು.

ಇಷ್ಟು ದೊಡ್ಡ ಪ್ರಾಣಿ ಒಂದು ಬೆಕ್ಕಿಗೆ ಹೆದರುತ್ತದಲ್ಲ, ನಾಚಿಕೆಗೇಡು ಎಂದು ಮೇಷ್ಟ್ರು ಗದರಿದರು. ಅಂಗಡಿಯವರು ನಕ್ಕು, "ಹೆದರಿಕೆ ಅಲ್ಲ ಸಾರ್. ಬೆಕ್ಕು ಬಾಲ ಬಡೀತಿದೆ ನೋಡಿ, ಈಗ ಹತ್ರ ಬರಬೇಡ ಅಂತ. ಇವನಿಗೆ ಮರಿಯಾಗಿದ್ದಾಗಿಂದ ಗೊತ್ತು. ಅದು ನಿಲ್ಲಿಸೋವರೆಗೂ ಕಾಯ್ತಾನೆ" ಎಂದರು. ಸ್ವಲ್ಪ ಹೊತ್ತಿಗೆ ಹಳದಿ ಬೆಕ್ಕಿನ ಬಾಲ ನಿಂತಿತು. ಕಿವಿಗಳು ಮುಂದಕ್ಕೆ ಬಂದವು. ನಾಯಿ ತಾನಾಗಿ ಎದ್ದು, ಮೆಟ್ಟಿಲ ಬದಿಯಿಂದ ದೂರ ಸರಿದು, ಮೇಷ್ಟ್ರ ಪಕ್ಕಕ್ಕೆ ಬಂದು ನಡೆಯತೊಡಗಿತು.

ಈ ಸಲ ನಿಂತದ್ದು ಮೇಷ್ಟ್ರು. ಕಿಟಕಿಯ ಕಟ್ಟೆ, ಬಡಿಯುತ್ತಿದ್ದ ಬಾಲ, ಅದುರುತ್ತಿದ್ದ ಬೆನ್ನು, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ನಾಯಿಗೆ ಅರ್ಥವಾದದ್ದು ನಾಯಿ ಮೇಷ್ಟ್ರಿಗೆ ಅರ್ಥವಾಗಿರಲಿಲ್ಲ. ಬೂದಿ ಮೋಸ ಮಾಡಿರಲಿಲ್ಲ. ತನಗೆ ಗೊತ್ತಿದ್ದ ರೀತಿಯಲ್ಲೆಲ್ಲ ಬೇಡ ಬೇಡ ಎಂದು ಹೇಳಿತ್ತು. ಮಗುವನ್ನು ಎತ್ತಿ ಅದರ ಪಂಜಕ್ಕೆ ಕೊಟ್ಟದ್ದು ತಾವು. ಶಿಕ್ಷೆ ಆಗಿದ್ದು ಬೆಕ್ಕಿಗೆ, ಅದಕ್ಕಿಂತ ಹೆಚ್ಚಾಗಿ ಸೊಸೆಗೆ.

ಆವತ್ತು ಸಂಜೆಯೇ ಸೊಸೆಗೆ ಹೇಳಿಬಿಡಬೇಕೆಂದು ಮನೆಗೆ ಬಂದರು. ಅವಳು ಚಪ್ಪಲಿ ಬಿಟ್ಟು ಒಳಗೆ ಹೋಗುವುದನ್ನು ನೋಡುತ್ತ ಕೂತರು. ಆಜ್ಞೆ ಮಾಡಿ ಪಳಗಿದ ನಾಲಿಗೆಗೆ ತಪ್ಪಾಯಿತು ಎನ್ನುವುದು ಒಗ್ಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡರು. ನಾಳೆಯೂ ಹಾಗೇ ಹೋಯಿತು. ಬರಿಗೈಯಲ್ಲಿ ಹೇಳುವುದಕ್ಕಿಂತ ಬೆಕ್ಕನ್ನೇ ತಂದು ಕೈಗೆ ಕೊಟ್ಟರೆ ಮಾತೇ ಬೇಕಾಗುವುದಿಲ್ಲ ಎಂಬ ಯೋಚನೆಯೂ ಬಂತು. ಅದಕ್ಕೂ ಇವತ್ತು ನಾಳೆ ಎಂದು ದಿನ ದೂಡಿದರು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಕಾವಲುಗಾರನೇ ಫೋನು ಮಾಡಿದ. ಗೋದಾಮು ಖಾಲಿ ಮಾಡುತ್ತಿದ್ದಾರಂತೆ. ಮಾಲೀಕರು ವ್ಯಾಪಾರವನ್ನು ದೂರದ ಬೇರೆ ಊರಿಗೆ ಒಯ್ಯುತ್ತಿದ್ದಾರೆ, ನಾನೂ ಅವರ ಜೊತೆ ಹೊರಟಿದ್ದೇನೆ, ಕೊನೆಯ ಲಾರಿ ಇವತ್ತೇ ಹೋಗುತ್ತದೆ. ಬೆಕ್ಕನ್ನು ನೀವು ಒಯ್ಯುತ್ತೀರೋ, ನಾನೇ ಕರೆದುಕೊಂಡು ಹೋಗಲೋ ಎಂದು ಕೇಳಿದ. ಮೇಷ್ಟ್ರು ಬಂದೆ ಎಂದವರೇ ಮನೆಗೆ ಓಡಿ ಬುಟ್ಟಿ ತೆಗೆದುಕೊಂಡು ಸ್ಕೂಟರ್ ಹತ್ತಿದರು.

ಔಷಧದಂಗಡಿ ದಾರಿಯಲ್ಲೇ ಇತ್ತು. ಸೊಸೆ ಕೌಂಟರಿನಲ್ಲಿ ನಿಂತು ಯಾರಿಗೋ ಮಾತ್ರೆಯ ಪಟ್ಟಿ ಕತ್ತರಿಸಿ ಕೊಡುತ್ತಿದ್ದಳು. ಮೇಷ್ಟ್ರು ಸ್ಕೂಟರ್ ನಿಧಾನ ಮಾಡಿದರು. ಬೇಡ, ಸಂಜೆ ಬಾಗಿಲು ತೆರೆದಾಗ ಬೂದಿಯೇ ಎದುರಿಗೆ ಬರಲಿ, ಅವಳ ಮುಖ ನೋಡಬೇಕು ಎಂದು ಮುಂದೆ ಹೋದರು. ಅವಳು ತಲೆ ಎತ್ತಿ ನೋಡಿದ ಹಾಗಾಯಿತು.

ಗೋದಾಮಿನಲ್ಲಿ ಅರ್ಧ ಲಾರಿ ತುಂಬಿತ್ತು. ಬೂದಿ ಉಳಿದ ಕಾಗದದ ಬಂಡಲುಗಳ ಮೇಲೆ ಕೂತಿತ್ತು. ಮೊದಲಿಗಿಂತ ಮೈ ತುಂಬಿಕೊಂಡಿತ್ತು. ಮೇಷ್ಟ್ರು ಈ ಸಲ ದಿಟ್ಟಿಸಲಿಲ್ಲ. ಕೂಗಿ ಕರೆಯಲಿಲ್ಲ. ದೂರದಲ್ಲೇ ಪಕ್ಕಕ್ಕೆ ತಿರುಗಿ ಕುಕ್ಕರಗಾಲಿನಲ್ಲಿ ಕೂತು, ಕೈಯನ್ನು ನೆಲದ ಹತ್ತಿರ ಚಾಚಿ ಕಾದರು. ಓರೆಗಣ್ಣಿನಲ್ಲಿ ನೋಡಿದರೆ, ಬೆಕ್ಕಿನ ಕಿವಿಗಳು ಎರಡೂ ಬದಿಗೆ ಚಪ್ಪಟೆಯಾಗಿದ್ದವು. ಪಾಪೆ ಹಿಗ್ಗಿ ಕಣ್ಣು ಪೂರ್ತಿ ಕಪ್ಪಾಗಿತ್ತು. ಮೈ ಮುದುಡಿ ಬಂಡಲಿಗೆ ಒತ್ತಿಕೊಂಡಿತ್ತು. ಬಾಲ ಕಾಗದದ ಮೇಲೆ ಪಟಪಟ ಬಡಿಯುತ್ತಿತ್ತು.

ಅಷ್ಟರಲ್ಲಿ ಕಾವಲುಗಾರ ಹಗ್ಗದ ಸುರುಳಿ ಹೊತ್ತುಕೊಂಡು ಬಂದ. ಬೂದಿ ಆ ಕಡೆಯ ಅಂಚಿನಿಂದ ಧುಮುಕಿ, ಬಾಲವನ್ನು ನೆಟ್ಟಗೆ ಎತ್ತಿ, ತುದಿ ಬಾಗಿಸಿಕೊಂಡು ಓಡಿ ಹೋಗಿ ಅವನ ಕಾಲಿಗೆ ಮೈ ತಿಕ್ಕಿತು. ಮೇಷ್ಟ್ರಿಗೆ ಅದು ಹೇಳಿದ್ದು ಅಕ್ಷರ ಅಕ್ಷರವಾಗಿ ಅರ್ಥವಾಯಿತು. ನೀನು ಬೇಡ, ಇವನು ನನ್ನವನು. ಹಿಡಿದು ಬುಟ್ಟಿಗೆ ತುರುಕುವುದು ಅವರಿಗೆ ಕಷ್ಟವಿರಲಿಲ್ಲ, ಕಚ್ಚುವ ನಾಯಿಗಳನ್ನೇ ಹಿಡಿದ ಕೈ. ಆದರೆ ಇನ್ನೊಮ್ಮೆ ಅದರ ಮಾತು ಮೀರಬಾರದು ಎನಿಸಿತು. ನೀನೇ ಕರೆದುಕೊಂಡು ಹೋಗಪ್ಪ, ಅದು ನಿನ್ನದೇ ಎಂದು ಹೇಳಿ, ಖಾಲಿ ಬುಟ್ಟಿ ಹಿಡಿದುಕೊಂಡು ಹೊರಟರು. ಹೊರಡುವಾಗ ದುಃಖದ ಜೊತೆಗೆ ಸಣ್ಣದೊಂದು ಹೆಮ್ಮೆಯೂ ಇತ್ತು. ಕೊನೆಗಾದರೂ ಸರಿಯಾಗಿ ಓದಿದೆನಲ್ಲ ಎಂದು.

ಸೊಸೆ ಬಂದಾಗ ಮೇಷ್ಟ್ರು ಬಾಗಿಲಲ್ಲೇ ಕೂತಿದ್ದರು. ಬುಟ್ಟಿ ಪಕ್ಕದಲ್ಲಿತ್ತು. ಈ ಸಲ ಒಂದೂ ಬಿಡದೆ ಎಲ್ಲ ಹೇಳಿದರು. ಕನ್ನಡಕದಂಗಡಿಯವರ ನಾಯಿ, ಕಿಟಕಿಯ ಕಟ್ಟೆ, ತಮ್ಮ ತಪ್ಪು, ಗೋದಾಮು, ಚಪ್ಪಟೆಯಾದ ಕಿವಿ, ಲಾರಿ. ಅದು ಬರುವುದಿಲ್ಲ ಎಂದು ಹೇಳಿತು, ಅದಕ್ಕೇ ಬಿಟ್ಟು ಬಂದೆ ಎಂದರು. ಅವಳು ಚಪ್ಪಲಿ ಬಿಡುವುದನ್ನೂ ಮರೆತು ನಿಂತು ಕೇಳಿದಳು.

"ನಿಮ್ಮ ಜೊತೆ ಬರಲ್ಲ ಅಂದಿರತ್ತೆ ಮಾವ" ಎಂದಳು. ದನಿ ಏರಲಿಲ್ಲ. "ಅಂಗಡಿ ಮುಂದೇನೇ ಹೋದ್ರಲ್ಲ. ಒಂದು ಮಾತು ಕರೆದಿದ್ರೆ ನಾನು ಬರ್ತಿದ್ದೆ. ನನ್ನ ಹತ್ರ ಬರ್ತಿತ್ತು ಅದು."

ಮೇಷ್ಟ್ರು ಬೆಪ್ಪಾಗಿ ಅವಳನ್ನೇ ನೋಡಿದರು. ಇಷ್ಟು ಸುಲಭದ ಮಾತು ತಮಗೆ ಹೊಳೆಯಲೇ ಇಲ್ಲವಲ್ಲ. ಬೆಕ್ಕು ಏನು ಹೇಳುತ್ತದೆ ಎಂದು ಉಸಿರು ಬಿಗಿಹಿಡಿದು ನೋಡಿದವರು, ಅದನ್ನು ಸಾಕಿದವಳನ್ನು ಕೇಳಲಿಲ್ಲ. ಆವತ್ತು ಕಳಿಸುವಾಗಲೂ ಕೇಳಲಿಲ್ಲ, ಇವತ್ತು ಬಿಟ್ಟುಕೊಡುವಾಗಲೂ ಕೇಳಲಿಲ್ಲ. ತಕ್ಷಣ ಕಾವಲುಗಾರನಿಗೆ ಫೋನು ಮಾಡಿದರು. ಲಾರಿ ಊರು ಬಿಟ್ಟು ಬಹಳ ಹೊತ್ತಾಗಿತ್ತು. ಎಲ್ಲಾದರೂ ನಿಲ್ಲಿಸು, ನಾವು ಅಲ್ಲಿಗೇ ಬರುತ್ತೇವೆ ಎಂದು ಹೇಳತೊಡಗಿದವರ ಕೈಯಿಂದ ಸೊಸೆ ಫೋನು ತೆಗೆದುಕೊಂಡಳು.

ಅವಳು ತಾನು ಯಾರೆಂದು ಹೇಳಿ, ಬೂದಿ ಎಲ್ಲಿದೆ ಎಂದು ಕೇಳಿದಳು. ಲಾರಿಯ ಮುಂದಿನ ಸೀಟಿನಲ್ಲಿ, ತನ್ನ ತೊಡೆಯ ಮೇಲೆ ಎಂದ ಅವನು. ಹೇಗೆ ಕೂತಿದೆ, ಮೈ ಬಿಗಿ ಹಿಡಿದಿದೆಯಾ, ಸಡಿಲ ಬಿಟ್ಟಿದೆಯಾ ಎಂದು ಕೇಳಿದಳು. ಬಾಯಿ ತೆರೆದು ಉಸಿರಾಡುತ್ತಿದೆಯಾ? ಕಿವಿ ಯಾವ ಕಡೆಗಿದೆ? ಬಾಲ ಎಲ್ಲಿಟ್ಟುಕೊಂಡಿದೆ? ಒಂದೊಂದಕ್ಕೂ ಅವನು ಬಗ್ಗಿ ನೋಡಿ ಹೇಳುತ್ತಿದ್ದ ಹಾಗಿತ್ತು. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಇಷ್ಟು ಪ್ರಶ್ನೆಗಳು ಇರುತ್ತವೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ.

"ಹಾಗಾದ್ರೆ ಅದಕ್ಕೆ ಭಯ ಇಲ್ಲ. ನಿಮ್ಮ ಹತ್ರಾನೇ ಇರಲಿ ಅಣ್ಣ" ಎಂದಳು ಅವಳು ಕೊನೆಗೆ. "ಹೊಸ ಜಾಗದಲ್ಲಿ ಮೊದಲು ಒಂದೇ ಕೋಣೇಲಿ ಬಿಡಿ. ಹೊಟ್ಟೆ ಮಾತ್ರ ಮುಟ್ಟಬೇಡಿ."

ಫೋನನ್ನು ಮೇಷ್ಟ್ರ ಕೈಗೆ ವಾಪಸು ಕೊಟ್ಟು, ಚಪ್ಪಲಿ ಬಿಟ್ಟಳು. ಮುಖದಲ್ಲಿ ಅಳುವಿರಲಿಲ್ಲ, ಕೋಪವೂ ಇರಲಿಲ್ಲ. ಮೇಷ್ಟ್ರು ನೋಡಿದರು, ಮತ್ತೆ ನೋಡಿದರು. ಏನೂ ತಿಳಿಯಲಿಲ್ಲ. ಅವಳು ಈ ಮನೆಗೆ ಬಂದಾಗಿನಿಂದ ತಾವು ಒಮ್ಮೆಯೂ ಮಾಡದ ಒಂದು ಕೆಲಸವನ್ನು ಮೇಷ್ಟ್ರು ಆಗ ಮಾಡಿದರು.

"ತುಂಬ ಬೇಜಾರಾಯ್ತೇನಮ್ಮ?" ಎಂದು ಕೇಳಿದರು.

"ಆಯ್ತು ಮಾವ" ಎಂದಳು ಸೊಸೆ. "ಆವತ್ತೇ ಕೇಳಬೇಕಿತ್ತು ನೀವು."

ಅವಳು ಅಡುಗೆ ಮನೆಗೆ ಹೋಗಿ ದೀಪ ಹಾಕಿದಳು. ಮೇಷ್ಟ್ರು ಹೊರಗೇ ಕೂತಿದ್ದರು. ಮಗ ಬಂದು, ಯಾಕಪ್ಪ ಇಲ್ಲಿ ಕೂತಿದೀಯ ಎಂದು ಕೇಳಿದಾಗ, ಅವರು ಖಾಲಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಅವನಿಗೆ ದಾರಿ ಬಿಟ್ಟರು.